ನೋವು ಎಷ್ಟು ಅಂತ ಕೇಳುವ ಮುಂಚೆ

ನೀವು ಕೇಳಿದ್ದು ಮೂರು ಪ್ರಶ್ನೆ. ಡೆಟ್ರಾಯಿಟ್‌ನಲ್ಲಿ ಮನೆ ಎಲ್ಲಿ ಮಾಡಲಿ, ಚಳಿ ತಡೆಯೋದು ಹೇಗೆ, ಮತ್ತೆ "ನಮ್ಮ ಕ್ಲಿನಿಕ್‌ಗೆ ಬರುವ ವಯಸ್ಸಾದ ಕಪ್ಪು ಜನ ವ್ಯಾಯಾಮದ ಹಾಳೆ ತಗೊಂಡು ಹೋಗ್ತಾರೆ, ಮನೇಲಿ ಮಾಡಲ್ಲ, ಯಾಕೆ?" ಮನೆ ಕ್ಲಿನಿಕ್ ಹತ್ತಿರವೇ ಇರಲಿ. ಬೂಟ್ಸ್‌ಗೆ ದುಡ್ಡು ನೋಡಬೇಡಿ. ಹಬ್ಬಕ್ಕೆ ಪಂಪ ಕನ್ನಡ ಕೂಟ ಇದೆ. ಮೂರನೆಯದಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು.

ನಾನೂ ನಿಮ್ಮ ಹಾಗೆ ಫಿಸಿಯೋಥೆರಪಿಸ್ಟ್ ಆಗಿ ದಾವಣಗೆರೆಯಿಂದ ಬಂದವನು. ಬಂದ ಹೊಸದರಲ್ಲಿ ಮಂಡಿ ಸವೆದ ಒಬ್ಬ ಹಿರಿಯ ಮಹಿಳೆ ಬರುತ್ತಿದ್ದರು. ನೋವು ಹತ್ತಕ್ಕೆ ಎಷ್ಟು ಅಂದರೆ ಯಾವಾಗಲೂ "ಐದು". ಆದರೆ ಕುರ್ಚಿಯಿಂದ ಏಳುವಾಗ ಎರಡೂ ಕೈ ಊರಿ, ತುಟಿ ಕಚ್ಚಿ ಏಳುತ್ತಿದ್ದರು. ಪರಿಚಯ ಬೆಳೆದ ಮೇಲೆ ಒಂದು ದಿನ ಹೇಳಿದರು: "ಒಂಬತ್ತು ಅಂದ್ರೆ ನಶೆ ಬರೋ ಮಾತ್ರೆ ಆಸೆಗೆ ಬಂದಿದ್ದಾಳೆ ಅಂತಾರೆ. ಮೂರು ಅಂದ್ರೆ ಮನೆಗೆ ಕಳಿಸ್ತಾರೆ. ಅದಕ್ಕೇ ಐದು."

ಇದು ಸುಮ್ನೆ ಅನುಮಾನ ಅಲ್ಲ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಬಿಳಿಯ ಮೆಡಿಕಲ್ ವಿದ್ಯಾರ್ಥಿಗಳನ್ನು, ರೆಸಿಡೆಂಟ್ ಡಾಕ್ಟರ್‌ಗಳನ್ನು ವಿಚಾರಿಸಿದಾಗ, ಸುಮಾರು ಅರ್ಧ ಮಂದಿ ಕಪ್ಪು ಜನರ ಚರ್ಮ ದಪ್ಪ ಎನ್ನುವಂಥ ಒಂದಾದರೂ ಸುಳ್ಳನ್ನು ನಂಬಿದ್ದರು. ಅಂಥವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಂದಾಜು ಮಾಡಿದರು. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನೂರಾರು ಕಪ್ಪು ಗಂಡಸರ ಸಿಫಿಲಿಸ್ ಅನ್ನುವ ಲೈಂಗಿಕ ರೋಗಕ್ಕೆ ಚಿಕಿತ್ಸೆ ಕೊಡದೆ ಸರ್ಕಾರವೇ ನೋಡುತ್ತಾ ಕೂತಿತ್ತು. ಇಲ್ಲಿನ ಎಷ್ಟೋ ಹಿರಿಯರ ಮನೆಯವರು ಕಾರ್ ಫ್ಯಾಕ್ಟರಿ ಕೆಲಸಕ್ಕೆ ಆ ಕಡೆಯಿಂದಲೇ ಬಂದವರು.

ಇಂಥದ್ದನ್ನೆಲ್ಲ ಕಂಡವರು ನಮ್ಮನ್ನು ಬೇಗ ನಂಬಲ್ಲ. ಅದಕ್ಕೇ ಮೊದಲ ದಿನ ಹಾಳೆ ಕೊಡಬೇಡಿ. ಮಿಸೆಸ್, ಮಿಸ್ಟರ್ ಸೇರಿಸಿಯೇ ಕರೆಯಿರಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಆ ಮರ್ಯಾದೆಯನ್ನೂ ಅವರ ಹಿರಿಯರಿಗೆ ಕೊಟ್ಟಿರಲಿಲ್ಲ. ನೋವಿನಿಂದ ಯಾವ ಕೆಲಸ ನಿಂತಿದೆ ಅಂತ ಕೇಳಿ. ಆ ಅಮ್ಮನಿಗೆ ಬೇಕಿದ್ದದ್ದು ಎರಡೇ: ಚರ್ಚ್ ಕಾಯಿರ್‌ನಲ್ಲಿ ನಿಂತು ಹಾಡಬೇಕು, ಭಾನುವಾರದ ಊಟಕ್ಕೆ ಕಾಲರ್ಡ್ ಸೊಪ್ಪು ಮಾಡಬೇಕು. ಆ ಸೊಪ್ಪನ್ನು ಮಣ್ಣು ಹೋಗುವ ತನಕ ಮೂರ್ನಾಲ್ಕು ನೀರಲ್ಲಿ ತೊಳೆಯಬೇಕು, ದಪ್ಪ ದಂಟು ಬಿಡಿಸಬೇಕು. ಸಿಂಕ್ ಮುಂದೆ ಎತ್ತರದ ಸ್ಟೂಲ್ ಹಾಕಿಸಿದೆವು. ತೊಳೆಯುವುದು ಶನಿವಾರ, ಬೇಯಿಸುವುದು ಭಾನುವಾರ. ನೋವು ಏರುವ ಮುಂಚೆಯೇ ಕೂರುವುದು. ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಕಾಯಿರ್‌ಗಾಗಿ ಅಂತಾದ ಮೇಲೆ ಅವರು ಅದನ್ನು ತಪ್ಪಿಸಲೇ ಇಲ್ಲ. ಪ್ರಾರ್ಥನೆ ಮಾಡಿ ನೋವು ತಡ್ಕೋತೀನಿ ಅಂದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ, ಪಕ್ಕಕ್ಕಿಡಬೇಡಿ.

ನನ್ನ ಅಮ್ಮನಿಗೂ ಮಂಡಿ ನೋವು. ವಿಡಿಯೋ ಕಾಲ್‌ನಲ್ಲಿ ಕೇಳಿದರೆ "ಪರವಾಗಿಲ್ಲ ಬಿಡಪ್ಪಾ" ಅನ್ನುತ್ತಾಳೆ. ಇಲ್ಲಿನ ಅಮ್ಮಂದಿರಿಗೆ ಮಾಡಿದ್ದನ್ನು ಅವಳಿಗೆ ಕೈಯಾರೆ ಮಾಡಲು ಆಗಲಿಲ್ಲ ಅನ್ನುವ ಕೊರಗು ಹೋಗಲ್ಲ.

ಮಿಶಿಗನ್ ವಿಶ್ವವಿದ್ಯಾಲಯದವರು ನೋವು ನಿಭಾಯಿಸೋಕೆ ಇದೇ ಊರಿನ ಹಿರಿಯರಿಗಾಗಿ ಸ್ಟೆಪ್ಸ್ ಅನ್ನುವ ಕಾರ್ಯಕ್ರಮ ಮಾಡಿದ್ದಾರೆ. ಚಿಕ್ಕ ವಿಡಿಯೋಗಳು, ಹೆಜ್ಜೆ ಎಣಿಸುವ ಬ್ಯಾಂಡ್, ಆರೋಗ್ಯ ಕಾರ್ಯಕರ್ತರಿಂದ ಫೋನ್. ನಮ್ಮ ಆಶಾ ಕಾರ್ಯಕರ್ತೆಯರ ಥರ ಊರವರೇ. ಅವರ ಮಾತಿಗೆ ಇರುವ ತೂಕ ಹೊರಗಿನಿಂದ ಬಂದ ನಮ್ಮ ಮಾತಿಗೆ ಬೇಗ ಬರಲ್ಲ. ನಿಮ್ಮ ಕ್ಲಿನಿಕ್‌ನಲ್ಲೂ ಅಂಥವರು ಇದ್ದರೆ ಈ ವಾರವೇ ಹೋಗಿ ಪರಿಚಯ ಮಾಡಿಕೊಳ್ಳಿ.