ಅರವತ್ತರ ದಶಕದ ಗ್ಯಾರೇಜ್ ಪಾಪ್ ಸದ್ದು ಬೇಕೆಂದರೆ ಹಳೇ ಗಿಟಾರೇ ಬೇಕಾ?

ನೀವು ಕೇಳಿರುವುದು ಎರಡು. ಅರವತ್ತರ ದಶಕದ ಗ್ಯಾರೇಜ್ ಪಾಪ್ ಸದ್ದನ್ನು ಆಮೇಲೆ ಯಾರಾದರೂ ನಿಜವಾಗಿ ವಾಪಸ್ ತಂದಿದ್ದಾರಾ? ಅದಕ್ಕೆ ಆ ಕಾಲದ ಗಿಟಾರು, ಆಂಪ್ಲಿಫೈಯರ್ ಕೊಳ್ಳಲೇಬೇಕಾ? ಮೊದಲನೆಯದಕ್ಕೆ ನಾನು ಹೇಳುವುದು ಒಂದೇ ಹೆಸರು, ಇಂಗ್ಲೆಂಡಿನ ಹಾಡುಗಾರ, ಗಿಟಾರ್ ವಾದಕ ಬಿಲ್ಲಿ ಚೈಲ್ಡಿಶ್. ಎರಡನೆಯದಕ್ಕೆ, ಬೇಡ. ದುಡ್ಡು ಜೇಬಲ್ಲೇ ಇರಲಿ.

ನಮ್ಮಲ್ಲಿ ಗ್ಯಾರೇಜು ಅಂದರೆ ಗಾಡಿ ರಿಪೇರಿ ಅಂಗಡಿ, ಅಲ್ವಾ? ಅಮೆರಿಕದಲ್ಲಿ ಅದು ಮನೆಯ ಕಾರ್ ಶೆಡ್ಡು. ಮನೆಯೊಳಗೆ ಗಲಾಟೆ ಬೇಡ ಅಂತ ಅಪ್ಪ ಅಮ್ಮ ಅಟ್ಟಿದ ಹುಡುಗರು ಅಲ್ಲಿ ಡ್ರಮ್ಮು ಬಾರಿಸುತ್ತಿದ್ದರು. ಹೆಸರು ಬಂದಿದ್ದು ಅಲ್ಲಿಂದ.

ಆ ಸಂಗೀತದ ಗುಟ್ಟು ಗೊತ್ತಾಗಬೇಕಾದರೆ ಕಿಂಗ್ಸ್‌ಮೆನ್ ಬ್ಯಾಂಡಿನ ‘ಲೂಯಿ ಲೂಯಿ’ ಕೇಳಿ. 1963ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ರೆಕಾರ್ಡ್ ಆಗಿದ್ದು. ಮೈಕು ತಲೆಯ ಮೇಲೆ ಎತ್ತರದಲ್ಲಿತ್ತು. ಹಾಡುವ ಜ್ಯಾಕ್ ಈಲಿ ಕತ್ತೆತ್ತಿ ಕಿರುಚಬೇಕಾಯಿತು. ಹಲ್ಲಿಗೆ ಕ್ಲಿಪ್ಪು ಬೇರೆ. ಪದಗಳು ಎಷ್ಟು ಕಲಸಿಹೋದವೆಂದರೆ, ಇದರಲ್ಲಿ ಪೋಲಿ ಮಾತಿದೆ ಅಂತ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ತನಿಖೆಯೇ ನಡೆಯಿತು. ಕೊನೆಗೆ ಅವರೂ ಏನೂ ತಿಳಿಯಲಿಲ್ಲ ಅಂತ ಕೈಚೆಲ್ಲಿದರು! ನನಗೆ ಅದಕ್ಕಿಂತ ಇಷ್ಟದ ಜಾಗ ಗಿಟಾರ್ ಸೋಲೋ ಆದಮೇಲಿನದು. ಈಲಿ ಸಮಯಕ್ಕೆ ಮುಂಚೆಯೇ ಬಾಯಿ ತೆರೆಯುತ್ತಾನೆ, ತಪ್ಪು ಗೊತ್ತಾಗಿ ತಟ್ಟನೆ ನಿಲ್ಲಿಸುತ್ತಾನೆ. ಆ ಖಾಲಿ ಜಾಗವನ್ನು ಡ್ರಮ್ಮರ್ ದಡಬಡ ಬಾರಿಸಿ ತುಂಬುತ್ತಾನೆ. ಯಾರೂ ಅದನ್ನು ತಿದ್ದಲಿಲ್ಲ. ಆಮೇಲೆ ಆ ಹಾಡು ನುಡಿಸಿದ ಕೆಲವು ಬ್ಯಾಂಡುಗಳು ಆ ತಪ್ಪನ್ನೂ ಕಲಿತುಕೊಂಡು ನುಡಿಸಿದವು.

ಚೈಲ್ಡಿಶ್ ಹಿಡಿದದ್ದು ತಪ್ಪನ್ನೂ ತಿದ್ದದೆ ಬಿಡುವ ಈ ಎಳೆಯನ್ನು. ಇಂಗ್ಲೆಂಡಿನ ಚಾಥಮ್ ಊರಿನವನು, ಹುಟ್ಟಿದ್ದು 1959ರಲ್ಲಿ. ಹಡಗುಕಟ್ಟೆಯಲ್ಲಿ ಕಲ್ಲು ಕೆತ್ತುವ ಕೆಲಸ ಕಲಿಯುತ್ತಿದ್ದವನು ಅದನ್ನು ಬಿಟ್ಟ. 1977ರಲ್ಲಿ ಪಂಕ್ ಎಂಬ ಒರಟು ರಾಕ್ ಸಂಗೀತದ ಅಲೆಯ ಜೊತೆ ಶುರು ಮಾಡಿ, ಮಿಲ್ಕ್‌ಶೇಕ್ಸ್, ಹೆಡ್‌ಕೋಟ್ಸ್ ಅಂತ ಒಂದರ ಹಿಂದೊಂದು ಬ್ಯಾಂಡು ಕಟ್ಟಿದ. ನೂರಕ್ಕೂ ಹೆಚ್ಚು ಆಲ್ಬಂ ತಂದಿದ್ದಾನೆ. ಮಿಲ್ಕ್‌ಶೇಕ್ಸ್ 1984ರಲ್ಲಿ ಒಂದೇ ದಿನ ನಾಲ್ಕು ಆಲ್ಬಂ ಬಿಡುಗಡೆ ಮಾಡಿತ್ತು. ಎಲ್ಲವೂ ಚೆನ್ನಾಗಿವೆ ಅಂತ ನಾನು ಹೇಳಲ್ಲ, ಕೆಲವು ಸುಮ್ನೆ ಒಂದರಂತೆ ಇನ್ನೊಂದು. ಆದರೆ ಯಾವುದರಲ್ಲೂ ಇಸ್ತ್ರಿ ಹಾಕಿದ ಹಾಗೆ ಅನಿಸುವುದಿಲ್ಲ.

ಹಳೇ ಸಾಮಾನಿನ ಮಾತಿಗೆ ಬಂದರೆ, ಲಂಡನ್ನಿನ ಹ್ಯಾಕ್ನಿಯಲ್ಲಿ ಟೋ ರ‍್ಯಾಗ್ ಅಂತ ಒಂದು ಸ್ಟುಡಿಯೋ ಇತ್ತು. ಅಮೆರಿಕದ ರಾಕ್ ಬ್ಯಾಂಡ್ ವೈಟ್ ಸ್ಟ್ರೈಪ್ಸ್‌ನವರು ತಮ್ಮ 2003ರ ‘ಎಲಿಫೆಂಟ್’ ಆಲ್ಬಮ್ಮಿನ ಬಹುಪಾಲನ್ನು ಅಲ್ಲೇ, ಎಂಟು ಟ್ರ್ಯಾಕಿನ (ಎಂಟು ಸದ್ದನ್ನಷ್ಟೇ ಬೇರೆ ಬೇರೆಯಾಗಿ ಹಿಡಿಯುವ) ಟೇಪಿನಲ್ಲಿ, ಕಂಪ್ಯೂಟರ್ ಮುಟ್ಟದೆ ಮಾಡಿದರು. ಅದನ್ನು ಓದಿ ನಾನೂ ಒಂದು ಹಳೇ ಟೇಪ್ ರೆಕಾರ್ಡರ್ ತಂದೆ. ಎರಡನೇ ದಿನವೇ ಟೇಪು ನುಂಗಿತು. ಈಗ ಅಟ್ಟದ ಮೇಲಿದೆ.

ಆಮೇಲೆ ಸ್ನೇಹಿತನ ಕಾರ್ ಶೆಡ್ಡಿನಲ್ಲಿ ಒಂದೇ ಮೈಕು ಇಟ್ಟು, ಫೋನಿನಲ್ಲೇ ರೆಕಾರ್ಡ್ ಮಾಡಿದೆವು. ಕಂಪನಿ ನಾಟಕ ನೋಡಿದ್ದರೆ ನಿಮಗೆ ಗೊತ್ತು: ಮೈಕು ನೇತಾಡುತ್ತಿರುತ್ತದೆ, ಮಾತಿರುವ ನಟ ಅದರ ಹತ್ತಿರ ಬರುತ್ತಾನೆ, ಉಳಿದವರು ಹಿಂದೆ ಸರಿಯುತ್ತಾರೆ. ಇಲ್ಲೂ ಹಾಗೇ. ಆಮೇಲೆ ಗುಂಡಿ ತಿರುಗಿಸಿ ಒಂದೊಂದೇ ಸದ್ದು ಏರಿಸಿ ಇಳಿಸುವ ಹಾಗಿಲ್ಲ, ಕಾಲಲ್ಲಿ ನಡೆದೇ ಸರಿಮಾಡಬೇಕು. ಹಾಡುವವಳನ್ನು ಮೈಕಿಗೆ ಒಂದು ಗೇಣು ದೂರದಲ್ಲಿ ನಿಲ್ಲಿಸಿದೆವು. ಗಿಟಾರಿನ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಗೋಡೆ ಕಡೆ ತಿರುಗಿಸಿದೆವು. ಡ್ರಮ್ಮು ಎಷ್ಟು ದೂರ ಇಟ್ಟರೂ ಅದರ ಸದ್ದು ಜಾಸ್ತಿಯೇ. ಹನ್ನೊಂದು ಸಲ ನುಡಿಸಿದೆವು. ಕೊನೆಗೆ ಉಳಿಸಿಕೊಂಡಿದ್ದು ಎರಡನೆಯದನ್ನು, ನಾನು ಗಿಟಾರಿನಲ್ಲಿ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ತಪ್ಪು ಹಿಡಿದದ್ದನ್ನು. ಹನ್ನೊಂದನೆಯದರಲ್ಲಿ ತಪ್ಪೇ ಇರಲಿಲ್ಲ, ಆದರೆ ಎಲ್ಲರೂ ಸುಸ್ತಾಗಿದ್ದು ಕೇಳಿಸುತ್ತಿತ್ತು.

ಹಾಗಾಗಿ ನೀವು ಇರುವ ಗಿಟಾರಿನಲ್ಲೇ ಶುರು ಮಾಡಿ. ಎಲ್ಲರೂ ಒಟ್ಟಿಗೆ ನುಡಿಸಿ, ಹಾಡು ಮೂರು ನಿಮಿಷ ದಾಟದಿರಲಿ, ಮೊದಲ ಎರಡು ಸಲದ ರೆಕಾರ್ಡಿಂಗ್ ಮಾತ್ರ ಅಳಿಸಬೇಡಿ. ಡ್ರಮ್ಮರ್ ಕೋಪಿಷ್ಠನಾದರೆ ಮೊದಲೇ ಹೇಳಿಬಿಡಿ. ನಮ್ಮವನನ್ನು ಶೆಡ್ಡಿನ ಬಾಗಿಲ ಹೊರಗೆ ಬಿಸಿಲಲ್ಲಿ ಕೂರಿಸಿದ್ದೆವು, ಇವತ್ತಿಗೂ ಬೈಯುತ್ತಾನೆ.