ಆನ್-ಕಾಲ್ ಇರುವ ಐಟಿ ಕೆಲಸ ಒಪ್ಪಿಕೊಳ್ಳುವ ಮುಂಚೆ ಏನು ಕೇಳಬೇಕು, ಏನು ಸಿದ್ಧ ಮಾಡಿಕೊಳ್ಳಬೇಕು?

ಬೆಂಗಳೂರಿನ ಕಂಪನಿ, ಅಮೆರಿಕದ ಗ್ರಾಹಕರು, ಡೆವಲಪ್‌ಮೆಂಟ್ ಬಿಟ್ಟು ಸರ್ವರ್‌ಗಳನ್ನು ನೋಡಿಕೊಳ್ಳುವ ಪ್ಲಾಟ್‌ಫಾರ್ಮ್ ಟೀಮಿಗೆ ಹೋಗುವ ಅವಕಾಶ, ಜೊತೆಗೆ ತಿಂಗಳಿಗೊಂದು ವಾರ ಆನ್-ಕಾಲ್, ಅಂದರೆ ಹಗಲು-ರಾತ್ರಿ ಯಾವಾಗ ಸಿಸ್ಟಮ್ ಕೆಟ್ಟರೂ ಫೋನಿಗೆ ಓಗೊಟ್ಟು ಸರಿಮಾಡುವ ಸರದಿ. ಒಪ್ಪಿಕೊಂಡರೆ ರಾತ್ರಿ ನಿದ್ದೆಯ ಗತಿಯೇನು, ತಯಾರಿ ಏನು ಬೇಕು ಎಂದು ಕೇಳಿದ್ದೀರಿ.

ತಿಂಗಳಿಗೆ ಒಂದು ವಾರವೋ ಎರಡು ವಾರವೋ ಎನ್ನುವುದಕ್ಕಿಂತ, ರಾತ್ರಿ ಬರುವ ಅಲರ್ಟ್‌ಗಳಲ್ಲಿ ಎಷ್ಟಕ್ಕೆ ನಿಜವಾಗಿಯೂ ಮನುಷ್ಯ ಎದ್ದು ಏನಾದರೂ ಮಾಡಬೇಕಾಗುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ಆದ್ದರಿಂದ ಒಪ್ಪಿಕೊಳ್ಳುವ ಮೊದಲು ಮ್ಯಾನೇಜರ್ ಹತ್ತಿರ ಒಂದೇ ಒಂದು ರಿಪೋರ್ಟ್ ಕೇಳಿ: ಕಳೆದ ಮೂರು ತಿಂಗಳಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 7ರ ನಡುವೆ ಬಂದ ಪೇಜ್‌ಗಳು (ಎಬ್ಬಿಸುವ ಕರೆಗಳು) ಎಷ್ಟು, ಅವುಗಳಲ್ಲಿ ಏನೂ ಮಾಡದೆ ತಾವಾಗಿಯೇ ಸರಿಹೋದವು ಎಷ್ಟು. ಪೇಜ್ ಕಳಿಸುವ ಪೇಜರ್‌ಡ್ಯೂಟಿಯಲ್ಲಾಗಲಿ ಅಂಥ ಬೇರೆ ಟೂಲ್‌ನಲ್ಲಾಗಲಿ ಇದನ್ನು ತೆಗೆಯುವುದು ಐದು ನಿಮಿಷದ ಕೆಲಸ. "ಅಷ್ಟೇನೂ ಬರಲ್ಲ ಬಿಡಿ" ಎಂದು ನಕ್ಕು ತೇಲಿಸಿದರೆ, ಆ ಲೆಕ್ಕವನ್ನು ಅಲ್ಲಿ ಯಾರೂ ಇಟ್ಟಿಲ್ಲ ಎಂದು ತಿಳಿದುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಅಲರ್ಟ್ ತಾವಾಗಿಯೇ ಸರಿಹೋಗುತ್ತಿವೆ ಎಂದಾದರೆ ಆ ಟೀಮಿನಲ್ಲಿ ನಿದ್ದೆ ಕೆಡುತ್ತದೆ, ಆದರೆ ರಿಪೇರಿ ಮಾಡಬಹುದಾದ ರೀತಿಯಲ್ಲಿ. ಅದು ಹೇಗೆ ಎಂದು ಮುಂದೆ ಹೇಳುತ್ತೇನೆ.

ಎರಡನೆಯ ಪ್ರಶ್ನೆ ಸರದಿಯಲ್ಲಿ ಎಷ್ಟು ಜನ ಎನ್ನುವುದು. ನಾಲ್ಕು ಜನ ಇದ್ದು ತಿಂಗಳಿಗೊಂದು ವಾರ ಎಂದರೆ ಕೇಳಲು ಚೆನ್ನ. ಆದರೆ ಮೊದಲು ಕಾಲ್ ತೆಗೆಯುವ ಪ್ರೈಮರಿ, ಅವರ ಬೆನ್ನಿಗೆ ಸೆಕೆಂಡರಿ ಎಂದು ಇಬ್ಬರು ಬೇಕಲ್ಲ? ಆಗ ನಾಲ್ಕರಲ್ಲಿ ಎರಡು ವಾರ ನಿಮ್ಮದೇ. ಒಬ್ಬರು ಮದುವೆಗೆ ರಜೆ ಹಾಕಿ, ಇನ್ನೊಬ್ಬರು ಕೆಲಸ ಬಿಟ್ಟರೆ ಮುಗಿಯಿತು. ಒಂದೇ ಊರಿನಿಂದ ನಡೆಸುವುದಾದರೆ ಕನಿಷ್ಠ ಎಂಟು ಜನ, ಎರಡು ಊರಿಗೆ ಹಂಚಿಕೊಂಡರೆ ಒಂದೊಂದು ಊರಲ್ಲೂ ಆರಾರು ಜನ, ಮತ್ತು ಒಂದು ಪಾಳಿಗೆ ಎರಡಕ್ಕಿಂತ ಹೆಚ್ಚು ಘಟನೆ ಬೇಡ ಎನ್ನುವುದು ಗೂಗಲ್‌ನ ಎಸ್‌ಆರ್‌ಇ (ಸೇವೆಗಳು ಬೀಳದಂತೆ ನೋಡಿಕೊಳ್ಳುವ) ತಂಡಗಳು ಹಾಕಿಕೊಂಡ ಲೆಕ್ಕ. ಎಲ್ಲ ಕಂಪನಿಗಳಲ್ಲೂ ಇದು ಸಿಗುವುದಿಲ್ಲ, ಆದರೆ ಅಳೆದು ನೋಡಲು ಒಂದು ಗೆರೆಯಂತೂ ಇರುತ್ತದೆ.

ದುಡ್ಡಿನ ವಿಷಯ ನಾಚಿಕೊಳ್ಳದೆ ಕೇಳಿ. ವಾರಕ್ಕೆ ಇಷ್ಟು ಎಂಬ ಅಲೋವನ್ಸ್ ಇದೆಯೋ, ಕಾಲ್ ಬಂದರೆ ಮಾತ್ರವೋ, ಕಾಂಪ್-ಆಫ್ (ಬದಲಿ ರಜೆ) ಕೊಡುತ್ತಾರೋ, ರಾತ್ರಿ ಎರಡು ಗಂಟೆ ಎಚ್ಚರವಿದ್ದರೆ ಮರುದಿನ ಬೆಳಿಗ್ಗೆ 9.30ರ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ವಿನಾಯಿತಿ ಇದೆಯೋ ಎಂದು ವಿಚಾರಿಸಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಇಟ್ಟು, ಮೀರಿದರೆ ದುಪ್ಪಟ್ಟು ಕೂಲಿ ಎನ್ನುತ್ತದೆ. ಆದರೆ ಲ್ಯಾಪ್‌ಟಾಪ್ ಪಕ್ಕದಲ್ಲಿಟ್ಟುಕೊಂಡು ಕಾಯುವ ಹೊತ್ತನ್ನು ಕೆಲಸ ಎಂದು ಎಣಿಸುತ್ತಾರೋ ಇಲ್ಲವೋ ಎಂಬುದು ವಾಸ್ತವದಲ್ಲಿ ಕಂಪನಿಯ ಪಾಲಿಸಿಗೆ ಬಿಟ್ಟ ಮಾತಾಗಿರುತ್ತದೆ. ಹೇಳಿದ್ದನ್ನೆಲ್ಲ ಒಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಮ್ಯಾನೇಜರ್ ಬದಲಾದ ದಿನ ಬಾಯಿಮಾತು ನಡೆಯುವುದಿಲ್ಲ.

ಈಗ ಮನೆಯ ಸಿದ್ಧತೆ. ಸಾಮಾನ್ಯವಾಗಿ ಪೇಜ್ ಬಂದ ಐದು ನಿಮಿಷದೊಳಗೆ ಆಕ್ನಾಲೆಜ್ ಮಾಡಬೇಕು (ಸಿಕ್ಕಿದೆ ಎಂದು ಒತ್ತಬೇಕು), ಹದಿನೈದು ನಿಮಿಷದೊಳಗೆ ಲ್ಯಾಪ್‌ಟಾಪ್ ಮುಂದೆ ಇರಬೇಕು ಎಂದಿರುತ್ತದೆ. ಅಂದರೆ ಆ ವಾರ ಶಿರಾಡಿ ಘಾಟಿ ದಾಟಿ ಊರಿಗೆ ಹೋಗುವ ಯೋಚನೆ ಬೇಡ.

ಕರೆಂಟ್ ಹೋದಾಗ ವೈ-ಫೈ ನಿಲ್ಲದಿರಲಿ ಎಂದು ಎಲ್ಲರೂ ರೂಟರ್‌ಗೆ 12 ವೋಲ್ಟ್‌ನ ಮಿನಿ ಯುಪಿಎಸ್ ತರುತ್ತಾರೆ. ಇಲ್ಲಿ ಎರಡು ಎಡವಟ್ಟು ಆಗುತ್ತವೆ. ಒಂದು, ಫೈಬರ್ ತಂತಿ ಬಂದು ಸೇರುವ ಒಎನ್‌ಟಿ ಪೆಟ್ಟಿಗೆ ಕೆಲವು ಮನೆಗಳಲ್ಲಿ ಬೇರೆಯೇ ಇರುತ್ತದೆ. ರೂಟರ್‌ಗೆ ಮಾತ್ರ ಬ್ಯಾಕಪ್ ಕೊಟ್ಟರೆ ವೈ-ಫೈ ಸಿಗ್ನಲ್ ತುಂಬಾ ಇರುತ್ತದೆ, ಇಂಟರ್ನೆಟ್ ಮಾತ್ರ ಸೊನ್ನೆ. ಎರಡನ್ನೂ ಬ್ಯಾಕಪ್‌ಗೆ ಹಾಕಿ, ಪ್ರತಿ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ. ಇನ್ನೊಂದು, ಪೆಟ್ಟಿಗೆಯ ಮೇಲಿನ 10,000 ಎಂಎಎಚ್ ಎಂಬುದು ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ, 12 ವೋಲ್ಟ್‌ನದಲ್ಲ. ಒಟ್ಟು 37 ವಾಟ್-ಅವರ್, ಅದರಲ್ಲಿ ಸ್ವಲ್ಪ ವೋಲ್ಟೇಜ್ ಏರಿಸುವುದರಲ್ಲೇ ಹೋಗುತ್ತದೆ. ಎರಡೂ ಪೆಟ್ಟಿಗೆ ಸೇರಿ 10ರಿಂದ 12 ವಾಟ್ ಎಳೆದರೆ ಎರಡೂವರೆ-ಮೂರು ಗಂಟೆ ಸಿಗುತ್ತದೆ. ಮಳೆಗಾಲದಲ್ಲಿ ಬೆಸ್ಕಾಂನವರನ್ನು ಕಾಯಲು ಅದು ಸಾಲದೆ ಹೋಗಬಹುದು.

ಹಾಗಾಗಿ ಮೊಬೈಲ್ ಹಾಟ್‌ಸ್ಪಾಟ್ ಬೇಕೇ ಬೇಕು, ಆದರೆ ಬ್ರಾಡ್‌ಬ್ಯಾಂಡ್ ಯಾವ ಕಂಪನಿಯದೋ ಸಿಮ್ ಬೇರೆ ಕಂಪನಿಯದಾಗಿರಲಿ. ಒಂದೇ ಕಂಪನಿಯದಾದರೆ ಎರಡೂ ಒಟ್ಟಿಗೆ ಮಲಗಬಹುದು. ಹಾಟ್‌ಸ್ಪಾಟ್‌ನಲ್ಲಿ ಕಂಪನಿಯ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ಕನೆಕ್ಟ್ ಆದರೆ ಸಾಕು ಎಂದುಕೊಳ್ಳಬೇಡಿ. ವಿಪಿಎನ್ ಹಸಿರು ತೋರಿಸುತ್ತದೆ, ಪಿಂಗ್ ಹೋಗುತ್ತದೆ, ಆದರೆ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಮಾತ್ರ ಅರ್ಧಕ್ಕೆ ನಿಂತುಬಿಡಬಹುದು. ಮೊಬೈಲ್ ನೆಟ್‌ವರ್ಕ್‌ನಲ್ಲಿ ದೊಡ್ಡ ಪ್ಯಾಕೆಟ್‌ಗಳು ದಾಟದಿರುವುದು ಇದಕ್ಕೆ ಸಾಮಾನ್ಯ ಕಾರಣ. ವಿಪಿಎನ್ ಇಂಟರ್‌ಫೇಸ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1300 ಬೈಟ್‌ನ ಆಸುಪಾಸಿಗೆ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ. ಹಗಲು ಹೊತ್ತಲ್ಲೇ ಒಮ್ಮೆ ಪೂರ್ತಿ ಲಾಗಿನ್ ಮಾಡಿ, ಒಂದು ದೊಡ್ಡ ಲಾಗ್ ಫೈಲ್ ತೆರೆದು ನೋಡಿ.

ಫೋನ್ ಸೆಟ್ಟಿಂಗ್ ಇನ್ನೂ ಮುಖ್ಯ. ಪೇಜ್ ಕಾಲ್‌ಗಳು ಹೊರದೇಶದ ನಂಬರ್‌ನಿಂದ ಬರಬಹುದು. ಟ್ರೂಕಾಲರ್‌ನಲ್ಲಿ ವಿದೇಶಿ ನಂಬರ್ ಬ್ಲಾಕ್ ಮಾಡಿಟ್ಟಿದ್ದರೆ ರಿಂಗ್ ಕೂಡ ಆಗುವುದಿಲ್ಲ. ಟೂಲ್‌ನವರು ಕೊಡುವ ನಂಬರ್‌ಗಳನ್ನೆಲ್ಲ ಒಂದೇ ಹೆಸರಿನಲ್ಲಿ ಸೇವ್ ಮಾಡಿ, ಫೇವರಿಟ್‌ಗೆ ಹಾಕಿ, ಡು ನಾಟ್ ಡಿಸ್ಟರ್ಬ್ ಇದ್ದರೂ ರಿಂಗ್ ಆಗುವಂತೆ ಮಾಡಿ. ಶವೊಮಿ, ವಿವೊ, ಒಪ್ಪೊ, ರಿಯಲ್‌ಮಿ ಫೋನ್‌ಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ಕೊಲ್ಲುತ್ತವೆ. ಆಟೋಸ್ಟಾರ್ಟ್ ಆನ್ ಮಾಡಿ, ಬ್ಯಾಟರಿ ನಿರ್ಬಂಧ ತೆಗೆಯಿರಿ. ಎಸ್‌ಎಂಎಸ್ ಒಂದನ್ನೇ ನಂಬಬೇಡಿ. ಸರದಿ ಶುರುವಾಗುವ ದಿನ ನಿಮಗೆ ನೀವೇ ಒಂದು ಟೆಸ್ಟ್ ಪೇಜ್ ಕಳಿಸಿಕೊಂಡರೆ ಇದೆಲ್ಲ ಒಂದೇ ಏಟಿಗೆ ಗೊತ್ತಾಗುತ್ತದೆ. ಲಾಗಿನ್ ಕೋಡ್ ಕೊಡುವ ಆ್ಯಪ್ ಕೂಡ ಅದೇ ಫೋನಿನಲ್ಲಿದ್ದರೆ ಬ್ಯಾಕಪ್ ಕೋಡ್‌ಗಳನ್ನು ಬೇರೆ ಸುರಕ್ಷಿತ ಜಾಗದಲ್ಲಿ ಇಟ್ಟಿರಿ.

ಇನ್ನು ಅಲರ್ಟ್‌ಗಳ ವಿಷಯ. ಟೀಮಿಗೆ ಸೇರಿದ ಮೊದಲ ಎರಡು ತಿಂಗಳು ನಿಮ್ಮ ಶಕ್ತಿಯೆಲ್ಲ ಇಲ್ಲೇ ಹಾಕಿ ಎನ್ನುತ್ತೇನೆ. "ಸಿಪಿಯು ಶೇ 90 ದಾಟಿತು" ಎಂದು ರಾತ್ರಿ 2ಕ್ಕೆ ಎಬ್ಬಿಸುವ ಅಲರ್ಟ್‌ನಷ್ಟು ನಿರುಪಯುಕ್ತ ಬೇರೊಂದಿಲ್ಲ. ಬ್ಯಾಚ್ ಜಾಬ್ ಓಡುವಾಗ ಸಿಪಿಯು ಏರಲೇಬೇಕು, ಅದಕ್ಕೇ ಮಷಿನ್ ಕೊಂಡಿರುವುದು. ಗ್ರಾಹಕನಿಗೆ ತೊಂದರೆ ಆಗುತ್ತಿದೆಯೇ ಎಂಬುದನ್ನು ಅಳೆಯಿರಿ: ರಿಕ್ವೆಸ್ಟ್‌ಗಳು ಫೇಲ್ ಆಗುತ್ತಿವೆಯೇ, ಉತ್ತರ ತಡವಾಗುತ್ತಿದೆಯೇ. ಶೇ 99.9ರಷ್ಟು ಸರಿಯಾಗಿ ನಡೆಯಬೇಕು ಎಂಬ ಗುರಿ ಇಟ್ಟುಕೊಂಡಿದ್ದರೆ 30 ದಿನಕ್ಕೆ ಕೆಡಲು ಅವಕಾಶ ಇರುವುದು 43 ನಿಮಿಷ 12 ಸೆಕೆಂಡ್. ಒಂದು ಗಂಟೆ ಪೂರ್ತಿ ಶೇ 1.44ರಷ್ಟು ರಿಕ್ವೆಸ್ಟ್‌ಗಳು ಫೇಲ್ ಆದರೆ ಆ ತಿಂಗಳ ಪಾಲಿನಲ್ಲಿ ಶೇ 2ರಷ್ಟು ಖರ್ಚಾದಂತೆ. ಇದಕ್ಕೆ ಎಬ್ಬಿಸಿ. ಆರು ಗಂಟೆ ಶೇ 0.6ರಷ್ಟು ಫೇಲ್ ಆದರೆ ಶೇ 5 ಖರ್ಚು, ಇದಕ್ಕೂ ಎಬ್ಬಿಸಬಹುದು. ಮೂರು ದಿನ ಶೇ 0.1ರಂತೆ ಸೋರುತ್ತಿದ್ದರೆ ಟಿಕೆಟ್ ಹಾಕಿದರೆ (ಮಾಡಬೇಕಾದ ಕೆಲಸ ಎಂದು ದಾಖಲಿಸಿದರೆ) ಸಾಕು, ಬೆಳಿಗ್ಗೆ ಕಾಫಿ ಕುಡಿದು ನೋಡಿದರೂ ನಡೆಯುತ್ತದೆ.

ಡಿಸ್ಕ್ ಅಲರ್ಟ್ ಎಲ್ಲ ಟೀಮಿನಲ್ಲೂ ಕಾಟ ಕೊಡುತ್ತದೆ. ಶೇ 80 ತುಂಬಿತು ಎಂಬ ಗೆರೆ ಬೇಡ. 2 ಟಿಬಿ ಡಿಸ್ಕ್‌ನಲ್ಲಿ ಶೇ 20 ಎಂದರೆ 400 ಜಿಬಿ ಖಾಲಿ ಇದೆ ಎಂದು ಅರ್ಥ. ಸರ್ವರ್‌ಗಳ ಅಂಕಿ ಸಂಗ್ರಹಿಸುವ ಪ್ರೊಮಿಥಿಯಸ್‌ನಲ್ಲಿ ಪ್ರಿಡಿಕ್ಟ್-ಲೀನಿಯರ್ ಎಂಬ ಫಂಕ್ಷನ್ ಇದೆ. ಕಳೆದ ಆರು ಗಂಟೆಯ ವೇಗ ನೋಡಿ ಇನ್ನು ನಾಲ್ಕು ಗಂಟೆಯಲ್ಲಿ ತುಂಬುತ್ತದೆ ಎಂದಾದರೆ ಮಾತ್ರ ಪೇಜ್ ಮಾಡಿ, ನಾಲ್ಕು ದಿನವಾದರೆ ಟಿಕೆಟ್. ಇನ್ನು, ನಿಜವಾಗಿ ತುಂಬಿದಾಗ ಹೊಸಬರು ಮಾಡುವ ಕೆಲಸ ಒಂದಿದೆ: ದೊಡ್ಡ ಲಾಗ್ ಫೈಲ್ ಹುಡುಕಿ ಡಿಲೀಟ್ ಮಾಡುತ್ತಾರೆ, ಆದರೂ ಜಾಗ ವಾಪಸ್ ಬರುವುದಿಲ್ಲ. ಫೈಲ್‌ಗಳ ಗಾತ್ರ ಕೂಡುವ ಡಿಯು ಕಮಾಂಡ್ ಕಡಿಮೆ ತೋರಿಸುತ್ತದೆ, ಇಡೀ ಡಿಸ್ಕ್‌ನ ಬಳಕೆ ಹೇಳುವ ಡಿಎಫ್ ಹಳೆಯ ಅಂಕಿಯನ್ನೇ ತೋರಿಸುತ್ತದೆ. ಓಡುತ್ತಿರುವ ಪ್ರೋಗ್ರಾಂ ಆ ಫೈಲನ್ನು ಇನ್ನೂ ತೆರೆದಿಟ್ಟುಕೊಂಡಿರುತ್ತದೆ. ಅದು ಮುಚ್ಚುವ ತನಕ ಲಿನಕ್ಸ್ ಜಾಗ ಬಿಡುವುದಿಲ್ಲ. ಎಲ್‌ಎಸ್‌ಒಎಫ್ ಕಮಾಂಡ್‌ನಲ್ಲಿ ಡಿಲೀಟ್ ಆದರೂ ತೆರೆದಿರುವ ಫೈಲ್‌ಗಳ ಪಟ್ಟಿ ಸಿಗುತ್ತದೆ. ಡಿಲೀಟ್ ಮಾಡುವ ಬದಲು ಟ್ರಂಕೇಟ್ ಮಾಡಿದ್ದರೆ (ಒಳಗಿನದನ್ನಷ್ಟೇ ಖಾಲಿ ಮಾಡಿದ್ದರೆ) ಈ ಪೇಚಾಟವೇ ಇರುವುದಿಲ್ಲ. ಜಾಗ ಇದ್ದೂ "ಜಾಗವಿಲ್ಲ" ಎಂದು ಗೋಳಿಟ್ಟರೆ ಐನೋಡ್ (ಫೈಲಿಗೊಂದರಂತೆ ಬೇಕಾಗುವ ದಾಖಲೆ) ಮುಗಿದುಹೋಗಿದೆಯೇ ನೋಡಿ. ಲಕ್ಷಾಂತರ ಪುಟ್ಟ ಫೈಲ್‌ಗಳು ಎಲ್ಲೋ ಗುಡ್ಡೆ ಬಿದ್ದಿರುತ್ತವೆ.

ಸೈಟ್ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ಸರ್ಟಿಫಿಕೇಟ್‌ನ ಅವಧಿ ಮುಗಿದು ಸೈಟ್ ಬೀಳುವುದು ಇನ್ನೊಂದು. ಇದು ಮುಂದೆ ಹೆಚ್ಚುವ ಲಕ್ಷಣವಿದೆ: ಸಾರ್ವಜನಿಕ ಟಿಎಲ್‌ಎಸ್ ಸರ್ಟಿಫಿಕೇಟ್‌ಗಳ ಗರಿಷ್ಠ ಆಯಸ್ಸು 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ ಎಂದು ಸರ್ಟಿಫಿಕೇಟ್ ಕೊಡುವವರ ಮತ್ತು ಬ್ರೌಸರ್ ಕಂಪನಿಗಳ ಕೂಟವಾದ ಸಿಎ/ಬ್ರೌಸರ್ ಫೋರಂ ನಿರ್ಧರಿಸಿದೆ. ಎಕ್ಸೆಲ್ ಶೀಟಿನಲ್ಲಿ ದಿನಾಂಕ ಬರೆದಿಟ್ಟು ಕೈಯಲ್ಲಿ ಬದಲಾಯಿಸುವ ಕಾಲ ಮುಗಿಯಿತು. ಆಟೋಮ್ಯಾಟಿಕ್ ರಿನ್ಯೂವಲ್ ಇದ್ದರೂ, ಹೊಸ ಸರ್ಟಿಫಿಕೇಟ್ ಡಿಸ್ಕ್‌ಗೆ ಬಂದು ವೆಬ್ ಸರ್ವರ್ ರಿಲೋಡ್ ಆಗದೆ ಹಳೆಯದನ್ನೇ ತೋರಿಸುವುದುಂಟು. ಆದ್ದರಿಂದ ಫೈಲ್ ಅಲ್ಲ, ಹೊರಗಿನಿಂದ ಸೈಟಿಗೆ ಕನೆಕ್ಟ್ ಆಗಿ ಸಿಗುವ ದಿನಾಂಕವನ್ನು ಚೆಕ್ ಮಾಡಿ.

ಡೇಟಾಬೇಸ್ ಒಂದು ಬಿದ್ದರೆ ಅದನ್ನು ನಂಬಿದ ಐವತ್ತು ಸರ್ವಿಸ್‌ಗಳೂ ಕೂಗಿಕೊಂಡು ಫೋನ್ ಬಿಡುವಿಲ್ಲದೆ ರಿಂಗ್ ಆಗುತ್ತದೆ. ಪ್ರೊಮಿಥಿಯಸ್ ಜೊತೆಗಿನ ಅಲರ್ಟ್‌ಮ್ಯಾನೇಜರ್‌ನಲ್ಲಿ ಗುಂಪು ಮಾಡುವ, ದೊಡ್ಡ ಅಲರ್ಟ್ ಇದ್ದಾಗ ಸಣ್ಣವನ್ನು ಬಾಯಿ ಮುಚ್ಚಿಸುವ ಸೌಲಭ್ಯ ಎರಡೂ ಇವೆ. ಬಳಸುವವರು ಕಡಿಮೆ.

ಕಾಲ್ ಬಂದೇ ಬಂತು ಎನ್ನಿ. ಆಕ್ನಾಲೆಜ್ ಮಾಡಿ, ಚಾಟ್ ಚಾನೆಲ್‌ನಲ್ಲಿ "ನೋಡುತ್ತಿದ್ದೇನೆ" ಎಂದು ಒಂದು ಸಾಲು ಹಾಕಿ. ನಂತರದ ಮೊದಲ ಪ್ರಶ್ನೆ, ಕಳೆದ ಎರಡು ಗಂಟೆಯಲ್ಲಿ ಏನು ಬದಲಾಯಿತು? ಡಿಪ್ಲಾಯ್ (ಹೊಸ ಕೋಡ್ ಹಾಕಿದ್ದು), ಕಾನ್ಫಿಗ್, ಫೀಚರ್ ಫ್ಲ್ಯಾಗ್ (ಸೌಲಭ್ಯ ಆನ್-ಆಫ್ ಮಾಡುವ ಸ್ವಿಚ್), ಏನಾದರೂ. ಸಿಕ್ಕರೆ ಹಿಂದಕ್ಕೆ ತಿರುಗಿಸಿ, ಮೂಲ ಕಾರಣ ಬೆಳಿಗ್ಗೆ ಹುಡುಕಿ. ಡೇಟಾಬೇಸ್ ಸ್ಕೀಮಾ (ಟೇಬಲ್‌ಗಳ ರಚನೆ) ಬದಲಾಗಿದ್ದರೆ ಮಾತ್ರ ಕಣ್ಣುಮುಚ್ಚಿ ಹಿಂದೆ ಹೋಗಬೇಡಿ. ಗಡಿಯಾರದ ಬಗ್ಗೆ ಎಚ್ಚರ: ಸರ್ವರ್ ಲಾಗ್ ಬಹುತೇಕ ಯುಟಿಸಿಯಲ್ಲಿರುತ್ತದೆ (ನಮಗಿಂತ ಐದೂವರೆ ಗಂಟೆ ಹಿಂದೆ), ಗ್ರಾಫ್ ತೋರಿಸುವ ಗ್ರಫಾನಾ ಸಾಮಾನ್ಯವಾಗಿ ನಿಮ್ಮ ಬ್ರೌಸರ್‌ನ ಸಮಯ ತೋರಿಸುತ್ತದೆ. ಇಲ್ಲಿ 15ನೇ ತಾರೀಖು ರಾತ್ರಿ 2.10 ಎಂದರೆ ಲಾಗಿನಲ್ಲಿ 14ನೇ ತಾರೀಖು 20.40. ನಿದ್ದೆಗಣ್ಣಲ್ಲಿ ತಪ್ಪು ದಿನದ ಲಾಗ್ ಓದುತ್ತಾ ಅರ್ಧ ಗಂಟೆ ಕಳೆಯುವುದು ತೀರಾ ಸುಲಭ.

ಅಳಿಸುವ, ತೆಗೆಯುವ ಕಮಾಂಡ್ ಏನೇ ಇದ್ದರೂ ಎಂಟರ್ ಒತ್ತುವ ಮೊದಲು ಸೆಕೆಂಡರಿಯನ್ನು ಎಬ್ಬಿಸಿ ಸ್ಕ್ರೀನ್ ತೋರಿಸಿ. 2017ರ ಜನವರಿ 31ರಂದು ಕೋಡ್ ಇಡುವ ಸೇವೆಯಾದ ಗಿಟ್‌ಲ್ಯಾಬ್‌ನಲ್ಲಿ ಆದದ್ದು ಇದೇ. ರೆಪ್ಲಿಕಾ (ನಕಲು) ಸರ್ವರ್‌ನಲ್ಲಿ ಅಳಿಸುತ್ತಿದ್ದೇನೆ ಎಂದುಕೊಂಡು ಪ್ರೈಮರಿ ಡೇಟಾಬೇಸ್‌ನ ಫೋಲ್ಡರ್ ಅಳಿಸಲಾಯಿತು. ನಿತ್ಯದ ಬ್ಯಾಕಪ್‌ಗಳು ಕೆಲಸಕ್ಕೆ ಬರಲಿಲ್ಲ, ಸುಮಾರು ಆರು ಗಂಟೆಯ ಡೇಟಾ ಹೋಯಿತು. ಅವರು ಅದನ್ನು ಮುಚ್ಚಿಡದೆ ಎಲ್ಲ ವಿವರ ಪ್ರಕಟಿಸಿದ್ದಾರೆ, ಹುಡುಕಿ ಓದಿ. ಪ್ರೊಡಕ್ಷನ್ (ಗ್ರಾಹಕರು ಬಳಸುವ) ಸರ್ವರ್‌ನ ಟರ್ಮಿನಲ್ ಪ್ರಾಂಪ್ಟ್ ಕೆಂಪಾಗಿರಲಿ, ಸರ್ವರ್ ಹೆಸರು ಅದರಲ್ಲಿ ಪೂರ್ತಿ ಕಾಣಲಿ. ಯಾವ ತೊಂದರೆಗೆ ಏನು ಮಾಡಬೇಕೆಂದು ಬರೆದಿಟ್ಟ ರನ್‌ಬುಕ್‌ನ ಒಂದು ಪ್ರತಿ ಲ್ಯಾಪ್‌ಟಾಪ್‌ನಲ್ಲೂ ಇರಲಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಆರು ಗಂಟೆ ಬಿದ್ದಾಗ, ಅದನ್ನು ಎತ್ತಬೇಕಾದ ಒಳಗಿನ ಟೂಲ್‌ಗಳೂ ಅದೇ ನೆಟ್‌ವರ್ಕ್ ಮೇಲಿದ್ದು ಜೊತೆಗೇ ಬಿದ್ದಿದ್ದವು. ರನ್‌ಬುಕ್ ಇರುವ ನಿಮ್ಮ ವಿಕಿ, ಬಿದ್ದ ಸರ್ವರ್‌ಗಳ ಕ್ಲಸ್ಟರ್‌ನಲ್ಲೇ ಇದ್ದರೆ ನಿಮಗೂ ಅದೇ ಪಾಡು.

ಎಐ ಬಂದ ಮೇಲೆ ಆನ್-ಕಾಲ್ ಬೇಕಾಗುವುದಿಲ್ಲ ಎನ್ನುವವರನ್ನು ನಂಬಬೇಡಿ, ಆದರೆ ಟೂಲ್ ಬಳಸಿ. ಉದ್ದದ ಸ್ಟ್ಯಾಕ್ ಟ್ರೇಸ್ (ಎರರ್ ಎಲ್ಲಿಂದ ಬಂತೆಂಬ ಪಟ್ಟಿ) ಅರ್ಥ ಮಾಡಿಕೊಳ್ಳಲು, ಮೆಟ್ರಿಕ್ ಕ್ವೆರಿ ಬರೆಯಲು, ರಾತ್ರಿಯ ಚಾಟ್‌ನಿಂದ ಬೆಳಿಗ್ಗೆಯ ರಿಪೋರ್ಟಿನ ಕರಡು ಮಾಡಲು ಒಳ್ಳೆಯದು. ಕೆಡುವುದು ಎಲ್ಲಿ ಎಂದರೆ, ಇಲ್ಲದ ಆಪ್ಷನ್‌ಗಳನ್ನು ಇದೆ ಎಂಬಂತೆ ಕಮಾಂಡ್‌ನಲ್ಲಿ ಸೇರಿಸುತ್ತದೆ, ಅದೇ ಹೊತ್ತಿಗೆ ಆದ ಯಾವುದೋ ಡಿಪ್ಲಾಯನ್ನು ಕಾರಣ ಎಂದುಬಿಡುತ್ತದೆ. ಕಂಪನಿ ಒಪ್ಪಿದ ಟೂಲ್ ಬಿಟ್ಟು ಬೇರೆಡೆ ಗ್ರಾಹಕರ ಡೇಟಾ ಅಥವಾ ಟೋಕನ್ (ಲಾಗಿನ್ ಕೀಲಿ) ಇರುವ ಲಾಗ್ ಹಾಕಲೇಬೇಡಿ.

ಕೊನೆಯದಾಗಿ ಸರದಿ ಬದಲಾಗುವ ಸಮಯ. ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ 11ಕ್ಕೆ ಇಟ್ಟುಕೊಳ್ಳಿ, ಶುಕ್ರವಾರ ಸಂಜೆ ಬೇಡ. ಟೂಲ್‌ನಲ್ಲಿ ಟೈಮ್‌ಝೋನ್ ಭಾರತದ್ದೇ ಇದೆಯೇ ನೋಡಿ. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 9 ಎಂದು ಇಟ್ಟಿದ್ದರೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ರಾತ್ರಿ 9.30, ಅಲ್ಲಿ ಗಡಿಯಾರ ಹಿಂದಿಡುವ ನವೆಂಬರ್‌ನ ಮೊದಲ ಭಾನುವಾರದಿಂದ 10.30. ಆ ಒಂದು ಗಂಟೆ ಯಾರದ್ದು ಎಂದು ಪ್ರತಿ ವರ್ಷ ಯಾವುದಾದರೂ ಟೀಮಿನಲ್ಲಿ ಜಗಳ ಆಗಿಯೇ ಆಗುತ್ತದೆ. ಹಸ್ತಾಂತರದ ಟಿಪ್ಪಣಿಯಲ್ಲಿ ಮೂರು ವಿಷಯ ಸಾಕು: ಇನ್ನೂ ಮುಗಿಯದ ಸಮಸ್ಯೆ, ತಾತ್ಕಾಲಿಕವಾಗಿ ಮ್ಯೂಟ್ ಮಾಡಿದ ಅಲರ್ಟ್ ಮತ್ತು ಅದು ಯಾವಾಗ ಮತ್ತೆ ಆನ್ ಆಗಬೇಕು ಎಂಬುದು, ಮತ್ತು ಈ ವಾರ ಸುಮ್ಮನೆ ಎಬ್ಬಿಸಿದ ಅಲರ್ಟ್‌ಗಳ ಪಟ್ಟಿ. ಆ ಮೂರನೆಯ ಪಟ್ಟಿಯಿಂದ ವಾರಕ್ಕೆ ಒಂದನ್ನಾದರೂ ಸರಿಮಾಡಲು ಅಥವಾ ಕಿತ್ತುಹಾಕಲು ಟೀಮಿನ ಕೆಲಸದ ಸುತ್ತಾದ ಸ್ಪ್ರಿಂಟ್‌ನಲ್ಲಿ ಟಿಕೆಟ್ ಇರಬೇಕು. ಅದಕ್ಕೆ ಸಮಯ ಕೊಡುತ್ತೀರಾ ಎಂದು ಮ್ಯಾನೇಜರ್‌ರನ್ನು ಈಗಲೇ ಕೇಳಿ. ಇಲ್ಲ ಎಂದರೆ ನಾನಾಗಿದ್ದರೆ ಹಳೆಯ ಟೀಮಿನಲ್ಲೇ ಉಳಿಯುತ್ತಿದ್ದೆ.