ಕಾಗದದ ಪಲ್ಪ್ (ಮರ ಬೇಯಿಸಿ ಮಾಡಿದ ನಾರಿನ ಮುದ್ದೆ) ಬಿಳಿ ಮಾಡಿದ ನೀರಿನಿಂದ ಹೊಳೆಗೆ ಆಗುವ ಹಾನಿ ಕಡಿಮೆ ಮಾಡುವುದು ಹೇಗೆ?

ಭದ್ರಾವತಿಯ ಕಾಗದದ ಕಾರ್ಖಾನೆ ನೋಡಿ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ. ಹೊಳೆಗೆ ಬಿಡುವ ಮುಂಚೆ ನೀರನ್ನು ಶುದ್ಧ ಮಾಡಿದರೆ ಸಾಕು ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಕೊನೆಯ ಕೆಲಸ.

ಮರದಲ್ಲಿ ನಾರನ್ನು ಹಿಡಿದಿಡುವ ಅಂಟು ಲಿಗ್ನಿನ್. ಬೇಯಿಸಿದ ಮೇಲೂ ಪಲ್ಪ್‌ನಲ್ಲಿ ಸ್ವಲ್ಪ ಉಳಿದು ಕಂದು ಬಣ್ಣ ಕೊಡುತ್ತದೆ. ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ತಾಗಿದರೆ ಬಿಡೋದೇ ಇಲ್ಲ, ಅಲ್ವಾ? ಇದೂ ಹಾಗೇ ಹಟಮಾರಿ. ಹಿಂದೆ ಇದನ್ನು ತೆಗೆಯಲು ಕ್ಲೋರಿನ್ ಅನಿಲ ಬಳಸುತ್ತಿದ್ದರು. ಅದು ಲಿಗ್ನಿನ್ ಜೊತೆ ಸೇರಿ ಡಯಾಕ್ಸಿನ್‌ನಂಥ ವಿಷಗಳನ್ನೂ ಹುಟ್ಟಿಸುತ್ತದೆ. ಇವು ಬೇಗ ಕೊಳೆಯುವುದಿಲ್ಲ, ಮೀನಿನ ಕೊಬ್ಬಿನಲ್ಲಿ ಸೇರಿಕೊಳ್ಳುತ್ತವೆ.

ಹಾಗಾಗಿ ಬಿಳಿ ಮಾಡುವ ಮೊದಲೇ ಲಿಗ್ನಿನ್ ಇಳಿಸಬೇಕು. ಪಲ್ಪ್ ಚೆನ್ನಾಗಿ ತೊಳೆದು, ಕ್ಷಾರದ ಜೊತೆ ಒತ್ತಡದಲ್ಲಿ ಆಮ್ಲಜನಕ ಹಾಯಿಸಿದರೆ ಉಳಿದ ಲಿಗ್ನಿನ್‌ನಲ್ಲಿ ಸುಮಾರು ಅರ್ಧ ಹೋಗುತ್ತದೆ. ಆಮೇಲೆ ಅದನ್ನು ತೊಳೆದ ನೀರಿನಲ್ಲಿ ಕ್ಲೋರಿನ್ ಇಲ್ಲವಲ್ಲ, ಅದನ್ನು ಆವಿ ಮಾಡಿ ಗಟ್ಟಿಯಾಗಿಸಿ ಬಾಯ್ಲರ್‌ನಲ್ಲಿ ಉರಿಸಬಹುದು. ಶಾಖವೂ ಸಿಗುತ್ತದೆ, ರಾಸಾಯನಿಕವೂ ವಾಪಸ್ ಬರುತ್ತದೆ. ಕ್ಲೋರಿನ್ ಬಳಸಿದ ನೀರಿನಲ್ಲಿ ಅದರ ಲವಣ ಕ್ಲೋರೈಡ್ ಇರುತ್ತದೆ, ಅದನ್ನು ಉರಿಸಿದರೆ ಬಾಯ್ಲರ್ ಸವೆದುಹೋಗುತ್ತದೆ.

ಆಮೇಲೆ ಕ್ಲೋರಿನ್ ಬದಲು ಕ್ಲೋರಿನ್ ಡೈಆಕ್ಸೈಡ್ ಬಳಸಿದರೆ ವಿಷ ತುಂಬಾ ಕಡಿಮೆ. ಓಝೋನ್, ಹೈಡ್ರೋಜನ್ ಪೆರಾಕ್ಸೈಡ್ ಬಳಸಿದರೆ ಕ್ಲೋರಿನ್ ಗೊಡವೆಯೇ ಇಲ್ಲ. ಸ್ವಲ್ಪ ಮಾಸಲು ಕಾಗದ ಸಾಕು ಅಂದರೆ ಇನ್ನೂ ಸುಲಭ, ನೋಟ್‌ಬುಕ್ ಹಾಲಿನಷ್ಟು ಬೆಳ್ಳಗೆ ಯಾಕಿರಬೇಕೋ!

ಕೊನೆಗೆ ಉಳಿದ ನೀರನ್ನು ತಿಳಿಯಾಗಿಸಿ, ಗಾಳಿ ಊದಿ, ಸೂಕ್ಷ್ಮಜೀವಿಗಳಿಂದ ಕೊಳೆ ತಿನ್ನಿಸುತ್ತಾರೆ. ಆದರೂ ಕಂದು ಬಣ್ಣ ಪೂರ್ತಿ ಹೋಗುವುದಿಲ್ಲ, ಲಿಗ್ನಿನ್ ಅವುಗಳಿಗೂ ಸುಲಭಕ್ಕೆ ಜೀರ್ಣವಾಗುವುದಿಲ್ಲ.